ಆಡುವವರ ಲೆಕ್ಕ ಉಂಟು, ಆಟ ಕಟ್ಟುವವರ ಹೆಸರೇ ಇಲ್ಲ!

2020ರ ಆಗಸ್ಟ್ 30, ಭಾನುವಾರ. ದೇಶಕ್ಕೆ ದೇಶವೇ ಕೊರೋನಾ ಭೀತಿಯಲ್ಲಿದ್ದ ದಿನಗಳು. ಪ್ರಧಾನಿ ನರೇಂದ್ರ ಮೋದಿ ಅಂದಿನ ‘ಮನ್ ಕಿ ಬಾತ್’ ಬಾನುಲಿ ಭಾಷಣದಲ್ಲಿ ಆಟಿಕೆಗಳ ವಿಷಯ ಎತ್ತಿಕೊಂಡರು. ದೇಶದ ಆಟಿಕೆ ತಯಾರಿಕಾ ಕೇಂದ್ರಗಳನ್ನು ಹೆಸರಿಸುವಾಗ ರಾಮನಗರದ ಚನ್ನಪಟ್ಟಣವನ್ನೂ ನೆನೆದರು. ಅಲ್ಲಿಂದ ಮಾತು ಕಂಪ್ಯೂಟರ್ ಆಟಗಳತ್ತ ಹೊರಳಿತು. ನಮ್ಮ ಮಕ್ಕಳು ಆಡುವ ಆಟಗಳ ಕಥಾವಸ್ತು ಬಹುಪಾಲು ಹೊರಗಿನದು, ಇನ್ನು ಮುಂದೆ ಆಟಗಳು ಭಾರತದಲ್ಲಿ ತಯಾರಾಗಲಿ, ಭಾರತದ ಕಥೆಗಳನ್ನೇ ಹೇಳಲಿ ಎಂದು ಯುವಕರಿಗೆ ಕರೆಕೊಟ್ಟರು.

ಮೂರು ದಿನ ಕಳೆಯಿತು. ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆಪ್‌ಗಳನ್ನು ನಿಷೇಧಿಸಿತು. ಆ ಪಟ್ಟಿಯಲ್ಲಿ ಪಬ್‌ಜಿ ಮೊಬೈಲ್ ಕೂಡ ಇತ್ತು.

ಅಂದು ನಾನು ಕೆಲಸ ಮಾಡುತ್ತಿದ್ದ ಕಚೇರಿಯಲ್ಲಿ ಎರಡನೆಯ ಸುದ್ದಿಗೆ ಮಾತ್ರ ಜಾಗ ಸಿಕ್ಕಿತು. ಎಷ್ಟು ಕೋಟಿ ಜನ ಆಡುತ್ತಿದ್ದರು, ಎಷ್ಟು ಮಕ್ಕಳು ಓದು ಬಿಟ್ಟಿದ್ದರು, ಚೀನಾಕ್ಕೆ ಎಷ್ಟು ನಷ್ಟ ಎಂಬ ಪ್ರಶ್ನೆಗಳಿಗೆ ಬೆಳಗಾಗುವುದರೊಳಗೆ ಉತ್ತರ ಬರೆದುಕೊಟ್ಟೆ. ‘ಸರಿ, ಇನ್ನು ಆಟ ಕಟ್ಟುವವರು ಯಾರು?’ ಎಂದು ಸಂಪಾದಕರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಭಾನುವಾರದ ಕರೆಗೆ ಉತ್ತರ ಇರಬಹುದಾಗಿದ್ದುದು ಆ ಪ್ರಶ್ನೆಯಲ್ಲೇ. ವಿಡಿಯೊ ಗೇಮ್‌ಗಳ ಬಗ್ಗೆ ಬರೆಯುತ್ತಾ ಬಂದ ಇಷ್ಟು ವರ್ಷಗಳನ್ನು ಹಿಂತಿರುಗಿ ನೋಡಿದರೆ, ಕೇಳದೇ ಬಿಟ್ಟ ಆ ಪ್ರಶ್ನೆಯೇ ನನ್ನ ವೃತ್ತಿಯ ದೊಡ್ಡ ಲೋಪವಾಗಿ ಕಾಣುತ್ತದೆ. ಅದು ನನ್ನೊಬ್ಬನ ಲೋಪವಲ್ಲ ಎಂಬುದೇ ಈ ಲೇಖನದ ಕಾರಣ.

ಕ್ಯಾಸೆಟ್ಟಿನಲ್ಲಿ ಅಳಿಸಿಹೋದ ಹೆಸರು

ತೊಂಬತ್ತರ ದಶಕದ ರಾಮನಗರ. ಊರಿಗೆ ಆಗಲೂ ಎರಡೇ ಹೆಗ್ಗುರುತು. ಒಂದು ರೇಷ್ಮೆಗೂಡಿನ ಮಾರುಕಟ್ಟೆ. ಇನ್ನೊಂದು, 1975ರಲ್ಲಿ ತೆರೆಕಂಡ ‘ಶೋಲೆ’ಯ ಬಂಡೆಗಳು. ನಮ್ಮಂಥ ಹುಡುಗರಿಗೆ ಮೂರನೆಯದೊಂದಿತ್ತು, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತಿದ್ದ ಟಿವಿ ಗೇಮ್. ಹಳದಿ ಕ್ಯಾಸೆಟ್ ತೂರಿಸಿದರೆ ಮಾರಿಯೋ ಓಡುತ್ತಿದ್ದ, ಕಾಂಟ್ರಾದ ಸೈನಿಕರು ಗುಂಡು ಹಾರಿಸುತ್ತಿದ್ದರು. ಅವೆಲ್ಲ ನಕಲಿ ಯಂತ್ರಗಳು, ನಕಲಿ ಕ್ಯಾಸೆಟ್‌ಗಳು ಎಂಬುದು ನಮಗೆ ಗೊತ್ತಿರಲಿಲ್ಲ. ಎಷ್ಟೋ ಕ್ಯಾಸೆಟ್‌ಗಳಲ್ಲಿ ಮೂಲ ಕಂಪನಿಯ ಹೆಸರನ್ನೇ ಅಳಿಸಿರುತ್ತಿದ್ದರು. ಮಾರಿಯೋನನ್ನು ಸೃಷ್ಟಿಸಿದವರು ಶಿಗೆರು ಮಿಯಾಮೊಟೊ ಎಂಬ ಜಪಾನೀಯರೆಂದು ನಾನು ತಿಳಿದದ್ದು ಪತ್ರಕರ್ತನಾದ ಮೇಲೆ.

ಬೇಸಿಗೆ ರಜೆಗೆ ಮಾಗಡಿ ತಾಲ್ಲೂಕಿನ ಅಜ್ಜಿಯ ಊರಿಗೆ ಹೋದರೆ ಅಲ್ಲಿ ಬೇರೆಯೇ ಆಟ. ಜಗಲಿಯ ಚಪ್ಪಡಿಕಲ್ಲಿನ ಮೇಲೆ ಯಾರೋ ಯಾವ ಕಾಲದಲ್ಲೋ ಹುಲಿ-ಕುರಿ ಆಟದ ಗೆರೆಗಳನ್ನು ಕೊರೆದಿದ್ದರು. ಮಧ್ಯಾಹ್ನ ಹೆಂಗಸರು ಅದರ ಪಕ್ಕದಲ್ಲೇ ಸೀಮೆಸುಣ್ಣದಲ್ಲಿ ಮನೆ ಬರೆದು ಚೌಕಾಬಾರ ಆಡುತ್ತಿದ್ದರು. ‘ಇದನ್ನ ಯಾರು ಮಾಡಿದ್ದಜ್ಜಿ?’ ಎಂದು ಕೇಳಿದರೆ, ‘ಆಟಕ್ಕೆ ಯಾರು ಮಗಾ ಮಾಡೋರು, ಅದು ಮೊದ್ಲಿಂದ್ಲೂ ಐತೆ’ ಎನ್ನುತ್ತಿದ್ದಳು.

ಅಜ್ಜಿಯ ಮಾತು ಜನಪದ ಆಟಕ್ಕೆ ಸರಿ. ಆದರೆ ಆ ಭಾವನೆಯನ್ನೇ ನಾವು ವಿಡಿಯೊ ಗೇಮ್‌ಗೂ ಹೊದಿಸಿಬಿಟ್ಟಿದ್ದೇವೆ. ಸಿನಿಮಾ ಎಂದರೆ ನಿರ್ದೇಶಕರ ಹೆಸರು ಹೇಳುತ್ತೇವೆ, ಕಾದಂಬರಿ ಎಂದರೆ ಬರೆದವರ ಹೆಸರು. ಗೇಮ್ ಎಂದರೆ ಅದು ಮೊಬೈಲ್‌ನೊಳಗೆ ತಾನಾಗಿ ಹುಟ್ಟಿಕೊಂಡ ಮಾಯೆ ಎಂಬಂತೆ ಮಾತಾಡುತ್ತೇವೆ.

ಉದ್ಯಮಕ್ಕೂ ಇದು ಹಳೆಯ ರೋಗ. ಎಪ್ಪತ್ತರ ದಶಕದ ಕೊನೆಯಲ್ಲಿ ಅಮೆರಿಕದ ಅಟಾರಿ ಕಂಪನಿ ತನ್ನ ಆಟಗಳಲ್ಲಿ ಅವನ್ನು ರೂಪಿಸಿದವರ ಹೆಸರು ಹಾಕುತ್ತಿರಲಿಲ್ಲ. ವಾರೆನ್ ರಾಬಿನೆಟ್ ಎಂಬ ಉದ್ಯೋಗಿ ತಾನು ಕಟ್ಟಿದ ‘ಅಡ್ವೆಂಚರ್’ ಆಟದೊಳಗೆ ಒಂದು ಗುಪ್ತ ಕೋಣೆ ಮಾಡಿ, ಅದರಲ್ಲಿ ತನ್ನ ಹೆಸರನ್ನು ಬಚ್ಚಿಟ್ಟ. ಅದೇ ಕಂಪನಿಯ ನಾಲ್ವರು, ಹೆಸರೂ ಇಲ್ಲ ಲಾಭದಲ್ಲಿ ಪಾಲೂ ಇಲ್ಲ ಎಂದು ಬೇಸತ್ತು ಹೊರಬಂದರು. 1979ರಲ್ಲಿ ಅವರು ಕಟ್ಟಿದ ಆಕ್ಟಿವಿಷನ್ ಮುಂದೆ ಜಗತ್ತಿನ ದೈತ್ಯ ಸಂಸ್ಥೆಗಳಲ್ಲಿ ಒಂದಾಯಿತು. ಹೆಸರಿನ ಹಂಬಲ ಬರೀ ಅಹಂಕಾರವಲ್ಲ, ಅದು ಉದ್ಯಮವನ್ನೇ ಬೆಳೆಸುವ ಬಂಡವಾಳ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಲೇತ್ ಕಲಿಸುವ ಪಾಠ

ಈ ಮಾತು ಹೇಳಲು ಅಮೆರಿಕದವರೆಗೆ ಹೋಗಬೇಕಾಗಿರಲಿಲ್ಲ, ಚನ್ನಪಟ್ಟಣದ ಒಂದು ಕಾರ್ಖಾನೆ ಸಾಕಿತ್ತು. ಆಲೆ ಮರದ ತುಂಡನ್ನು ಲೇತ್‌ಗೆ ಸಿಕ್ಕಿಸಿ, ಉಳಿ ಹಿಡಿದು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಕೇದಗೆ ಜಾತಿಯ ಗರಿಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಚನ್ನಪಟ್ಟಣದ ಗೊಂಬೆಗಳೆಲ್ಲ ಗುಂಡಗಿರುವುದೇಕೆ? ಲೇತ್ ಮೇಲೆ ಗುಂಡಗಿನ ಆಕಾರವೇ ಸುಲಭ. ಉಪಕರಣದ ಮಿತಿಯೇ ಊರಿನ ಶೈಲಿಯಾಯಿತು.

ಮಾರಿಯೋನ ಮೀಸೆಯದೂ ಇದೇ ಕಥೆ. 1981ರಲ್ಲಿ ‘ಡಾಂಕಿ ಕಾಂಗ್’ ಆಟಕ್ಕಾಗಿ ಆ ಪಾತ್ರವನ್ನು ಬಿಡಿಸುವಾಗ ಮಿಯಾಮೊಟೊ ಅವರಿಗೆ ಸಿಕ್ಕಿದ್ದು ಬೆರಳೆಣಿಕೆಯ ಚುಕ್ಕೆಗಳು. ಅಷ್ಟರಲ್ಲಿ ಬಾಯಿ ಬಿಡಿಸುವುದು ಕಷ್ಟ, ಮೀಸೆ ಬಂತು. ಕೂದಲು ಬಿಡಿಸುವುದು ಕಷ್ಟ, ಟೋಪಿ ಬಂತು. ಮಿತಿಯೊಳಗೆ ಕೈ ಪಳಗಿಸುವ ಕುಶಲಕರ್ಮಿಯ ಬುದ್ಧಿ ಇದು. ಮರಕ್ಕೂ ಅದೇ, ಗಣಕಕ್ಕೂ ಅದೇ.

ಆ ಮಾರಿಯೋನ ಕಂಪನಿ ನಿಂಟೆಂಡೊ ಹುಟ್ಟಿದ್ದಾದರೂ ಹೇಗೆ? 1889ರಲ್ಲಿ, ಕ್ಯೋಟೊ ನಗರದಲ್ಲಿ, ಹಿಪ್ಪುನೇರಳೆ ತೊಗಟೆಯಿಂದ ಇಸ್ಪೀಟಿನಂಥ ಎಲೆಗಳನ್ನು ಕೈಯಲ್ಲಿ ತಯಾರಿಸುವ ಅಂಗಡಿಯಾಗಿ. ಹಿಪ್ಪುನೇರಳೆ ರಾಮನಗರ ಮತ್ತು ಕನಕಪುರದ ಹೊಲಗಳಿಗೆ ಹೊಸದಲ್ಲ. ಕೈಯಲ್ಲಿ ಬರೆದ ಆಟದ ಎಲೆಗಳೂ ನಮಗೆ ಹೊಸವಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯ ಒಂಬತ್ತನೆಯ ಭಾಗವಾದ ಕೌತುಕನಿಧಿಯನ್ನು ಆಟಗಳಿಗೇ ಮೀಸಲಿಟ್ಟರು, ಗಂಜೀಫಾ ಎಲೆಗಳಿಗೆ ಹೊಸ ಹೊಸ ಬಗೆಗಳನ್ನು ಕಲ್ಪಿಸಿದರು. 1868ರಲ್ಲಿ ಅವರು ತೀರಿಕೊಂಡರು. ಕ್ಯೋಟೊದ ಎಲೆಗಳ ಅಂಗಡಿ ಅದಾಗಿ ಎರಡು ದಶಕದ ಮೇಲೆ ಬಾಗಿಲು ತೆರೆದು, ಒಂದು ಶತಮಾನದೊಳಗೆ ಜಗತ್ತಿನ ಮಕ್ಕಳ ಮನೆ ಹೊಕ್ಕಿತು. ಮೈಸೂರಿನ ಗಂಜೀಫಾ ಕಪಾಟಿನ ಗಾಜಿನ ಹಿಂದೆ ಉಳಿಯಿತು.

ನಮ್ಮಲ್ಲಿ ಪ್ರತಿಭೆಗೆ ಕೊರತೆ ಇತ್ತೆಂದು ಹೇಳಲಾದೀತೆ? ಇಲ್ಲ. ಆಟವನ್ನು ಕಟ್ಟುವುದು ಒಂದು ಗಂಭೀರ ಉದ್ಯೋಗ ಎಂಬ ಭಾವನೆ ಅರಮನೆಯಿಂದ ಅಂಗಡಿಗೆ ಇಳಿಯಲಿಲ್ಲ, ಅಷ್ಟೆ.

ಬೆಂಗಳೂರಿನ ತುಂಡು ಗುತ್ತಿಗೆ

ಚನ್ನಪಟ್ಟಣದಲ್ಲಿ ಲೇತ್ ಮುಂದೆ ಕುಳಿತಿದ್ದ ಹಿರಿಯರೊಬ್ಬರನ್ನು, ನೀವು ಮಾಡಿದ ಗೊಂಬೆಯ ಮೇಲೆ ನಿಮ್ಮ ಹೆಸರು ಯಾಕಿಲ್ಲ ಎಂದು ಕೇಳಿದ್ದೆ. ಅವರು ನಕ್ಕು, ‘ಹೆಸರು ಹಾಕಿದ್ರೆ ವ್ಯಾಪಾರಿ ಎರಡು ರೂಪಾಯಿ ಜಾಸ್ತಿ ಕೊಡ್ತಾನಾ ಸಾರ್? ಅವರು ಹೇಳಿದ ಸೈಜು, ಅವರು ಹೇಳಿದ ಬಣ್ಣ, ಇಷ್ಟು ಪೀಸು’ ಎಂದರು. ಕೆಲವು ಕಿಲೋಮೀಟರ್ ದೂರದ ಬೆಂಗಳೂರಿನ ಹವಾನಿಯಂತ್ರಿತ ಸ್ಟುಡಿಯೊಗಳಲ್ಲಿ ನಾನು ಕೇಳಿದ್ದೂ ಹೆಚ್ಚುಕಡಿಮೆ ಇದೇ ಮಾತು. ಭಾಷೆ ಮಾತ್ರ ಇಂಗ್ಲಿಷ್.

ಭಾರತದ ಗೇಮ್ ಉದ್ಯಮದ ಇತಿಹಾಸ ಬರೆಯುವವರು ಬೆಂಗಳೂರಿನಿಂದಲೇ ಶುರುಮಾಡಬೇಕು. ರಾಜೇಶ್ ರಾವ್ ಕಟ್ಟಿದ ಧ್ರುವ ಇಂಟರ್‌ಆಕ್ಟಿವ್ ತೊಂಬತ್ತರ ದಶಕದಲ್ಲೇ ವಿದೇಶಿ ಆಟಗಳ ಕೆಲಸಕ್ಕೆ ಕೈಹಾಕಿದ ಸಂಸ್ಥೆ. ಮುಂದೆ ‘ಫೋರ್ಜಾ’ದಂಥ ಪ್ರಸಿದ್ಧ ಕಾರು ಆಟಗಳ ಚಿತ್ರಕೆಲಸವೂ ಅಲ್ಲಿ ನಡೆಯಿತು. ಅದು ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕೈಸೇರಿ, 2019ರಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೊ’ ಖ್ಯಾತಿಯ ರಾಕ್‌ಸ್ಟಾರ್ ಪಾಲಾಯಿತು. ನಮ್ಮ ಹುಡುಗರ ಕೈಚಳಕಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿಲ್ಲ.

ಆದರೆ ಆ ಕೈಚಳಕದ ಒಡೆತನ ಯಾರದು? ಕಾರಿನ ಬಾಗಿಲು ಇಲ್ಲಿ, ಮರದ ಎಲೆ ಅಲ್ಲಿ, ಸೈನಿಕನ ಬೂಟು ಇನ್ನೊಂದು ಕಡೆ. ಕಥೆ, ಪಾತ್ರ, ಲಾಭ ಎಲ್ಲವೂ ಕೆಲಸ ಕೊಟ್ಟವರದು. ಗೌಪ್ಯತೆಯ ಕರಾರಿಗೆ ಸಹಿ ಹಾಕಿದ ಕಲಾವಿದ ತಾನು ಯಾವ ಆಟಕ್ಕೆ ದುಡಿದೆ ಎಂದು ಮನೆಯಲ್ಲೂ ಹೇಳುವಂತಿಲ್ಲ. ಆಟ ಮುಗಿದ ಮೇಲೆ ಓಡುವ ಹೆಸರುಗಳ ಪಟ್ಟಿಯಲ್ಲಿ ಅನೇಕ ಬಾರಿ ಸ್ಟುಡಿಯೊದ ಹೆಸರಷ್ಟೇ ಇರುತ್ತದೆ, ಕೆಲವೊಮ್ಮೆ ಅದೂ ಇರುವುದಿಲ್ಲ.

ಇದರ ಅಪಾಯ ಏನೆಂಬುದು 2025ರ ಫೆಬ್ರವರಿಯಲ್ಲಿ ಗೊತ್ತಾಯಿತು. ಸಿನಿಮಾದ ದೃಶ್ಯ ಪರಿಣಾಮ ಮತ್ತು ಗೇಮ್ ಚಿತ್ರಕೆಲಸ ಎರಡನ್ನೂ ಮಾಡುತ್ತಿದ್ದ ಟೆಕ್ನಿಕಲರ್ ಸಮೂಹ ಪ್ಯಾರಿಸ್‌ನಲ್ಲಿ ಕುಸಿಯಿತು. ಅದರ ಬೆಂಗಳೂರು ಕಚೇರಿ ದಿಢೀರನೆ ಮುಚ್ಚಿ ಸಾವಿರಾರು ಮಂದಿ ಬೀದಿಗೆ ಬಂದರು. ವರ್ಷಗಟ್ಟಲೆ ದುಡಿದವರಿಗೆ ‘ಇದು ನನ್ನದು’ ಎಂದು ತೋರಿಸಲು ಒಂದು ಆಟವೂ ಇರಲಿಲ್ಲ. ವ್ಯಾಪಾರಿ ಆರ್ಡರ್ ನಿಲ್ಲಿಸಿದ ದಿನ ಲೇತ್ ಮುಂದೆ ಸುಮ್ಮನೆ ಕೂರುವ ಚನ್ನಪಟ್ಟಣದ ಕುಶಲಕರ್ಮಿಗೂ ಇವರಿಗೂ ಏನು ವ್ಯತ್ಯಾಸ?

ವ್ಯತ್ಯಾಸ ಒಂದಿದೆ. ಕುಶಲಕರ್ಮಿಗೆ ತನ್ನ ಹೆಸರಿಲ್ಲದಿದ್ದರೂ ಊರಿನ ಹೆಸರಾದರೂ ಇದೆ. ಚನ್ನಪಟ್ಟಣದ ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿ ಎರಡು ದಶಕವಾಗುತ್ತಾ ಬಂತು. ಬೆಂಗಳೂರಿನಲ್ಲಿ ಕಡೆದ ಆಟಕ್ಕೆ ಅಷ್ಟೂ ಇಲ್ಲ.

ಆಟವೆಂದರೆ ಜೂಜೇ?

ಕಟ್ಟುವವರು ಕಣ್ಣಿಗೆ ಬೀಳದ ಕಡೆ ಆ ಜಾಗವನ್ನು ಬೇರೆಯವರು ಆಕ್ರಮಿಸುತ್ತಾರೆ. ಕಳೆದ ದಶಕದಲ್ಲಿ ‘ಗೇಮಿಂಗ್’ ಎಂಬ ಪದವನ್ನು ವಶಪಡಿಸಿಕೊಂಡವರು ರಮ್ಮಿ, ಪೋಕರ್, ಫ್ಯಾಂಟಸಿ ಕ್ರಿಕೆಟ್ಟಿನ ಕಂಪನಿಗಳು. ಸಮ್ಮೇಳನಗಳ ವೇದಿಕೆ ಅವರದು, ಪತ್ರಿಕೆಗಳ ಮುಖಪುಟದ ಜಾಹೀರಾತು ಅವರದು, ‘ಉದ್ಯಮದ ಗಾತ್ರ’ ಎಂದು ನಾವು ಬರೆದ ಅಂಕಿಗಳಲ್ಲಿ ಸಿಂಹಪಾಲೂ ಅವರದು. ಆ ಅಂಕಿಗಳನ್ನು ಪ್ರಶ್ನಿಸದೆ ಬರೆದವರಲ್ಲಿ ನಾನೂ ಒಬ್ಬ.

ಅದರ ಬೆಲೆ ಏನೆಂದು ನನಗೆ ತೋರಿಸಿದವರು ಕನಕಪುರದ ಕಡೆಯ ಒಬ್ಬ ತಾಯಿ. ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಕಸುಬು. ಗೂಡು ಕೊಳ್ಳಲು ಕೂಡಿಟ್ಟ ಹಣವನ್ನು ಮಗ ಮೊಬೈಲ್ ರಮ್ಮಿಗೆ ಸುರಿದಿದ್ದ. ಪರಿಚಿತರ ಮನೆಯ ಮದುವೆಯೊಂದರಲ್ಲಿ ನನ್ನ ಕೆಲಸ ಏನೆಂದು ಕೇಳಿ ತಿಳಿದವರು, ‘ಆಟದ ಬಗ್ಗೆ ಒಳ್ಳೇದಾಗಿ ಬರೀತೀರಂತಲ್ಲ ಸ್ವಾಮಿ, ನಮ್ಮ ಮನೆ ಹಾಳಾಗಿದ್ದೂ ಬರೀರಿ’ ಎಂದರು. ಅದು ಆಟವಲ್ಲ ತಾಯಿ, ಜೂಜು ಎಂದು ಹೇಳಲು ಬಾಯಿ ಬರಲಿಲ್ಲ. ಎರಡನ್ನೂ ಒಂದೇ ಹೆಸರಿನಲ್ಲಿ ಕರೆದವರು ನಾವೇ ಅಲ್ಲವೇ?

ಕಾನೂನಿಗೂ ಇದೇ ಗೊಂದಲ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕೌಶಲದ ಆಟವನ್ನು ಜೂಜಿನೊಂದಿಗೆ ಸಮೀಕರಿಸಲಾಗದು ಎಂದು ಹೈಕೋರ್ಟ್ 2022ರ ಫೆಬ್ರವರಿ 14ರಂದು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಕಾಕತಾಳೀಯವೆಂದರೆ, ಕೇಂದ್ರ ಸರ್ಕಾರ ‘ಫ್ರೀ ಫೈರ್’ ಸೇರಿದಂತೆ 54 ಆಪ್‌ಗಳನ್ನು ನಿಷೇಧಿಸಿದ್ದೂ ಅದೇ ದಿನ. ಒಂದೇ ದಿನ ಹಣದ ರಮ್ಮಿಗೆ ಬಾಗಿಲು ತೆರೆಯಿತು, ಹಣ ಪಣವಿಡದ ಆಟಕ್ಕೆ ಬಾಗಿಲು ಮುಚ್ಚಿತು. ಎರಡಕ್ಕೂ ಕಾನೂನಿನ ಕಾರಣಗಳು ಬೇರೆ ಬೇರೆ, ನಿಜ. ಆದರೆ ಇದನ್ನು ನೋಡಿದ ಸಾಮಾನ್ಯ ಪೋಷಕ ಏನೆಂದು ಅರ್ಥಮಾಡಿಕೊಳ್ಳಬೇಕು?

2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಈ ಗಂಟನ್ನು ಒಂದೇ ಏಟಿಗೆ ಕತ್ತರಿಸಿತು. ಕೌಶಲವೋ ಅದೃಷ್ಟವೋ, ಹಣ ಪಣವಿಟ್ಟು ಆಡಿಸಿದರೆ ಮೂರು ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ನೀಡಿದವರಿಗೂ ಶಿಕ್ಷೆ, ಆಡಿದವರಿಗೆ ಶಿಕ್ಷೆಯಿಲ್ಲ. ಹಣದಾಟಗಳಲ್ಲಿ 45 ಕೋಟಿ ಜನ ವರ್ಷಕ್ಕೆ 20 ಸಾವಿರ ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ ಎಂಬುದು ಸರ್ಕಾರ ಆಗ ಕೊಟ್ಟ ಅಂದಾಜು. ಕಾಯ್ದೆಯ ವಿರುದ್ಧ ಮೊದಲ ಅರ್ಜಿ ಹೋದದ್ದು ಕರ್ನಾಟಕ ಹೈಕೋರ್ಟಿಗೆ. ಬೇರೆ ಬೇರೆ ಹೈಕೋರ್ಟ್‌ಗಳ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ಅದೇ ಸೆಪ್ಟೆಂಬರ್‌ನಲ್ಲಿ ತನ್ನಲ್ಲಿಗೆ ವರ್ಗಾಯಿಸಿಕೊಂಡಿತು.

ಈ ಕಾಯ್ದೆಯಲ್ಲಿ ಹೆಚ್ಚು ಚರ್ಚೆಯಾಗದ ಒಂದು ಒಳ್ಳೆಯ ಅಂಶವಿದೆ. ಅದು ಇ-ಕ್ರೀಡೆ, ಹಣದ ಪಣವಿಲ್ಲದ ಸಾಮಾಜಿಕ ಆಟ ಮತ್ತು ಹಣದಾಟ ಎಂದು ಮೂರನ್ನೂ ಬೇರೆ ಬೇರೆ ಹೆಸರಿಟ್ಟು ಕರೆಯಿತು. ಮೊದಲೆರಡನ್ನು ಪ್ರೋತ್ಸಾಹಿಸಬೇಕೆಂದೂ ಹೇಳಿತು. ಹಣದಾಟದವರ ನೆರಳಿನಿಂದ ತಮ್ಮನ್ನು ಬಿಡಿಸಿ ಎಂದು ವಿಡಿಯೊ ಗೇಮ್ ಕಟ್ಟುವವರು ವರ್ಷಗಳಿಂದ ಕೇಳುತ್ತಿದ್ದುದು ಇದನ್ನೇ. ಆದರೆ ಶಿಕ್ಷೆಯ ಭಾಗ ಓದಿದಷ್ಟು ಗಮನವಿಟ್ಟು ಪ್ರೋತ್ಸಾಹದ ಭಾಗವನ್ನು ಯಾರು ಓದುತ್ತಾರೆ?

ಪೋಷಕರ ಆತಂಕವನ್ನು ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನ ವ್ಯಸನಕ್ಕೆ ಪ್ರತ್ಯೇಕ ಚಿಕಿತ್ಸಾಲಯ ತೆರೆದಿತ್ತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಗೇಮಿಂಗ್ ವ್ಯಸನವನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಪಣವಿಲ್ಲದ ಆಟವೂ ಮಗುವನ್ನು ಹಿಡಿದಿಡಬಲ್ಲದು. ಆದರೆ ಯಾವ ಆಟ ಮಗುವಿನ ಗಮನವನ್ನು ಮಾರುತ್ತದೆ, ಯಾವುದು ಅದರ ಬುದ್ಧಿಯನ್ನು ಬೆಳೆಸುತ್ತದೆ ಎಂದು ಹೇಳಬೇಕಾದರೂ ಆಟವನ್ನು ಯಾರು, ಯಾವ ಉದ್ದೇಶಕ್ಕೆ ಕಟ್ಟಿದರು ಎಂಬುದು ತಿಳಿಯಬೇಕು.

ದಶಪಥದ ಬದಿಯ ಗೊಂಬೆ

2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ರಾಮನಗರ, ಚನ್ನಪಟ್ಟಣ ಎರಡನ್ನೂ ಹೊಸ ರಸ್ತೆ ಹೊರಗಿನಿಂದಲೇ ಬಳಸಿ ಹೋಯಿತು. ಹಳೆಯ ರಸ್ತೆಯಲ್ಲಿ ಕಾರು ನಿಲ್ಲಿಸಿ, ಮಕ್ಕಳ ಹಠಕ್ಕೆ ಒಂದು ಬುಗುರಿಯನ್ನೋ ಮರದ ಕುದುರೆಯನ್ನೋ ಕೊಳ್ಳುತ್ತಿದ್ದ ಪ್ರಯಾಣಿಕರು ಕಡಿಮೆಯಾದರು. ಗೊಂಬೆ ಕೆಟ್ಟಿರಲಿಲ್ಲ, ಬೆಲೆ ಏರಿರಲಿಲ್ಲ. ದಾರಿ ಬದಲಾಗಿತ್ತು.

ಇಂದು ಕನ್ನಡದ ಹುಡುಗನೊಬ್ಬ ಚೌಕಾಬಾರವನ್ನೋ ಕೆಂಪೇಗೌಡರ ಕಥೆಯನ್ನೋ ಆಧರಿಸಿ ಆಟ ಕಟ್ಟಿದರೂ ಇದೇ ಗತಿ. ಜನ ಓಡಾಡುವ ದಾರಿ ಎಂದರೆ ಗೂಗಲ್ ಮತ್ತು ಆಪಲ್‌ನ ಆಪ್ ಅಂಗಡಿಗಳು. ಅಲ್ಲಿ ಯಾವ ಆಟ ಮೇಲೆ ಕಾಣಬೇಕೆಂದು ತೀರ್ಮಾನಿಸುವವರು ಅವರೇ, ಬಹುಕಾಲ ಶೇ. 30ರವರೆಗೆ ಸುಂಕ ವಸೂಲು ಮಾಡಿದವರೂ ಅವರೇ. ಪ್ಲೇ ಸ್ಟೋರ್ ಪಾವತಿ ನೀತಿಗಾಗಿ ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 936 ಕೋಟಿ ರೂಪಾಯಿ ದಂಡ ಹಾಕಿತ್ತು. ಮೇಲ್ಮನವಿ ನ್ಯಾಯಮಂಡಳಿ 2025ರಲ್ಲಿ ಅದನ್ನು ಸುಮಾರು 216 ಕೋಟಿಗೆ ಇಳಿಸಿತು.

ದಾರಿ ಬದಿಯಲ್ಲಿ ಗೆದ್ದವರಿಲ್ಲವೆಂದಲ್ಲ. ಪಗಡೆಯ ಮೊಮ್ಮಗನಾದ ‘ಲೂಡೊ ಕಿಂಗ್’ ನವಿ ಮುಂಬೈನಲ್ಲಿ ಹುಟ್ಟಿ ಲಾಕ್‌ಡೌನ್ ಕಾಲದಲ್ಲಿ ಮನೆಮಾತಾಯಿತು. ಪುಣೆಯ ಪುಟ್ಟ ತಂಡವೊಂದು ಕಟ್ಟಿದ ‘ರಾಜಿ’ 2020ರಲ್ಲಿ ಹೊರದೇಶಗಳ ವಿಮರ್ಶಕರ ಗಮನ ಸೆಳೆಯಿತು. ಬೆಂಗಳೂರಿನ ಕೈಗಳು ಜಗತ್ತಿನ ದೊಡ್ಡ ಆಟಗಳನ್ನು ಕಟ್ಟುತ್ತಿದ್ದರೂ, ಕನ್ನಡದಲ್ಲಿ ಮಾತಾಡುವ ಇಂಥದೊಂದು ಆಟದ ಹೆಸರು ಹೇಳಿ ಎಂದರೆ ನಾವು ತಡವರಿಸುತ್ತೇವೆ.

ಆಗಬೇಕಾದದ್ದು

ಅನಿಮೇಶನ್ ಮತ್ತು ಗೇಮ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ತಂದ ಮೊದಲ ರಾಜ್ಯ ಕರ್ನಾಟಕ, 2012ರಲ್ಲಿ. 2024ರಿಂದ 2029ರ ಅವಧಿಗೆ ಹೊಸ ನೀತಿಯೂ ಬಂದಿದೆ. ಉದ್ಯೋಗ ಸೃಷ್ಟಿ ಅಗತ್ಯವೇ. ಆದರೆ ಹೊರಗಿನವರ ಆರ್ಡರ್ ನಂಬಿದ ಉದ್ಯೋಗ ಎಷ್ಟು ಗಟ್ಟಿ ಎಂಬುದನ್ನು ಟೆಕ್ನಿಕಲರ್ ತೋರಿಸಿದೆ. ನೆರವಿನ ಒಂದು ಪಾಲನ್ನು ಒಡೆತನ ಇಲ್ಲೇ ಉಳಿಯುವ ಸಣ್ಣ ಆಟಗಳಿಗೆ, ಅದರಲ್ಲೂ ಕನ್ನಡದ ಆಟಗಳಿಗೆ ಮೀಸಲಿಡಬಾರದೇಕೆ? ನೆರವು ಪಡೆದ ಪ್ರತಿ ಆಟದಲ್ಲೂ ದುಡಿದ ಪ್ರತಿಯೊಬ್ಬರ ಹೆಸರಿರಬೇಕು ಎಂಬ ಷರತ್ತಿಗೆ ಖಜಾನೆಯಿಂದ ಒಂದು ಪೈಸೆಯೂ ಖರ್ಚಿಲ್ಲ.

ಕುಶಲಕರ್ಮಿಯನ್ನು ಕಾರ್ಖಾನೆಯಿಂದ ಬೇರ್ಪಡಿಸಿ ನೋಡುವುದು ಸರ್ಕಾರಕ್ಕೆ ತಿಳಿಯದ ವಿದ್ಯೆಯೇನಲ್ಲ. 2020ರಲ್ಲಿ ಆಟಿಕೆಗಳ ಆಮದು ಸುಂಕವನ್ನು ಶೇ. 20ರಿಂದ 60ಕ್ಕೆ ಏರಿಸಲಾಯಿತು. 2021ರ ಜನವರಿಯಿಂದ ಗುಣಮಟ್ಟದ ಮುದ್ರೆ ಕಡ್ಡಾಯವಾಯಿತು, ಆದರೆ ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಕ ಪಡೆದ ಆಟಿಕೆಗಳಿಗೂ ವಿನಾಯಿತಿ ಸಿಕ್ಕಿತು. ಮರದ ಆಟಿಕೆಯಲ್ಲಿ ತೋರಿದ ಈ ವಿವೇಚನೆಯನ್ನು ಪರದೆಯ ಆಟದಲ್ಲೂ ತೋರಬಹುದು. ಹೊಸ ಕಾಯ್ದೆಯ ಬಿಗಿ ನಿಯಮಗಳು ನಾಲ್ಕು ಜನರ ಪುಟ್ಟ ಸ್ಟುಡಿಯೊಗೂ ರಮ್ಮಿ ಕಂಪನಿಗೂ ಒಂದೇ ತಕ್ಕಡಿ ಹಿಡಿಯದಿದ್ದರೆ ಅರ್ಧ ಕೆಲಸ ಆದಂತೆ.

ಉಳಿದರ್ಧ ನಮ್ಮದು, ಬರೆಯುವವರದು. ಕನ್ನಡ ಪತ್ರಿಕೆಗಳಲ್ಲಿ ಸಿನಿಮಾ ವಿಮರ್ಶೆ ಇದೆ, ಪುಸ್ತಕ ವಿಮರ್ಶೆ ಇದೆ, ಹೋಟೆಲ್ ವಿಮರ್ಶೆಯೂ ಬಂತು. ಆಟದ ಸುದ್ದಿ ಮಾತ್ರ ಅಪರಾಧ ಪುಟದಲ್ಲೋ ವಾಣಿಜ್ಯ ಪುಟದಲ್ಲೋ ಸಿಗುತ್ತದೆ. ಆಟವನ್ನು ಆಡಿ ನೋಡಿ, ಕಟ್ಟಿದವರ ಹೆಸರು ಹೇಳಿ, ಚೆನ್ನಾಗಿದ್ದರೆ ಚೆನ್ನಾಗಿದೆ, ಮಗುವಿಗೆ ಬಲೆ ಬೀಸಿದ್ದರೆ ಬಲೆ ಬೀಸಿದೆ ಎಂದು ಬರೆಯುವ ಅಂಕಣ ಒಂದಿದ್ದಿದ್ದರೆ ಕನಕಪುರದ ಆ ತಾಯಿಗೆ ರಮ್ಮಿ ಮತ್ತು ಆಟದ ವ್ಯತ್ಯಾಸ ಮೊದಲೇ ತಿಳಿಯುತ್ತಿತ್ತೇನೋ.

ಕಳೆದ ಬಾರಿ ಚನ್ನಪಟ್ಟಣಕ್ಕೆ ಹೋದಾಗ ಅದೇ ಹಿರಿಯರ ಬಳಿ ಮಗಳಿಗೆಂದು ಒಂದು ಬುಗುರಿ ಕೊಂಡೆ. ಅದರ ತಳದಲ್ಲಿ ಅವರ ಹೆಸರು ಬರೆದುಕೊಡಿ ಎಂದೆ. ‘ಯಾಕೆ ಸಾರ್?’ ಎನ್ನುತ್ತಲೇ ಪೆನ್ನು ತೆಗೆದುಕೊಂಡು ಬರೆದರು. ಮನೆಗೆ ಬಂದ ಮಗಳು ಬುಗುರಿ ಬಿಡುವ ಮೊದಲು ಆ ಹೆಸರನ್ನು ಕೂಡಿಸಿ ಕೂಡಿಸಿ ಓದಿದಳು. ಮೊಬೈಲ್‌ನಲ್ಲಿ ತಾನಾಡುವ ಆಟವನ್ನು ತೋರಿಸಿ, ‘ಇದನ್ನ ಯಾರು ಮಾಡಿದ್ದಪ್ಪಾ?’ ಎಂದು ಕೇಳಿದ್ದು ಅದೇ ಸಂಜೆ. ಉತ್ತರ ನನಗೆ ಗೊತ್ತಿರಲಿಲ್ಲ.